ಇಪ್ಪತ್ತನೆಯ ಮಿಷನ್ ಮುಗಿದ ಮೇಲೆ

ದೆವ್ವಗಳನ್ನು ಬೇಟೆಯಾಡುವ ಡೆವಿಲ್ ಮೇ ಕ್ರೈ 5 ಎಂಬ ವಿಡಿಯೊ ಆಟವನ್ನು ನಾನು ಎರಡು ಸಲ ಮುಗಿಸಿದ್ದೇನೆ. ಮೊದಲ ಸಲ ಅತಿ ಸುಲಭವಾದ 'ಹ್ಯೂಮನ್' ಹಂತದಲ್ಲಿ, ಹೊಡೆತಗಳನ್ನು ತಾನಾಗಿಯೇ ಜೋಡಿಸಿಕೊಡುವ ಆಟೋ ಅಸಿಸ್ಟ್ ಸೌಲಭ್ಯವನ್ನು ಬಳಸಿಕೊಂಡು, ಕಥೆ ಏನಾಗುವುದೋ ಎಂಬ ಕುತೂಹಲದಲ್ಲಿ ಇಪ್ಪತ್ತೂ ಮಿಷನ್‌ಗಳನ್ನು ದಾಟಿಬಿಟ್ಟೆ. ಕಥೆ ತಿಳಿಯಿತು, ಆಟ ತಿಳಿಯಲಿಲ್ಲ. ಹಾಗಾಗಿ ಆ ಸೌಲಭ್ಯವನ್ನು ತೆಗೆದು, 'ಡೆವಿಲ್ ಹಂಟರ್' ಹಂತದಲ್ಲಿ ಮೊದಲಿನಿಂದ ಆರಂಭಿಸಿದೆ.

ಆಟದ ನಾಯಕರಲ್ಲೊಬ್ಬನಾದ ನೀರೋನ ರೆಡ್ ಕ್ವೀನ್ ಕತ್ತಿಯ ಹಿಡಿಯಲ್ಲಿ ಮೋಟಾರ್ ಬೈಕಿನಲ್ಲಿರುವಂಥ ಆಕ್ಸಿಲರೇಟರ್ ಇದೆ. ಏಟು ಬೀಸುವ ಹೊತ್ತಿಗೆ ಅದನ್ನು ಒತ್ತಿದರೆ ಕತ್ತಿಯ ಶಕ್ತಿ ಒಂದು ಮಟ್ಟ ಏರುತ್ತದೆ. ಕ್ಷಣ ತಪ್ಪದೆ ಒತ್ತಿದರೆ ಮೂರೂ ಮಟ್ಟಗಳು ಒಮ್ಮೆಲೇ ತುಂಬುತ್ತವೆ. ಇದನ್ನು ಸಾಧಿಸಲು ನಾನು ಪ್ರತಿ ಸಂಜೆ 'ವಾಯ್ಡ್' ಎಂಬ ತಾಲೀಮಿನ ಜಾಗಕ್ಕೆ ಹೋಗಿ, ಮಿಷನ್‌ಗಳನ್ನು ಮುಟ್ಟದೆ, ನೆಲದ ಮೇಲಿನ ಸಾದಾ ಹೊಡೆತಗಳ ಒಂದೇ ಸಾಲನ್ನು ಇಪ್ಪತ್ತು ನಿಮಿಷ ಅಭ್ಯಾಸ ಮಾಡುತ್ತಿದ್ದೆ. ಮೊದಲ ವಾರ ಕಣ್ಣು ಕತ್ತಿಯನ್ನು ಹಿಂಬಾಲಿಸುತ್ತಿತ್ತು, ಬೆರಳು ಪ್ರತಿ ಸಲವೂ ತಡವಾಗುತ್ತಿತ್ತು. ತಾಳ ಹಾಕುವವರಂತೆ ಮನಸ್ಸಿನಲ್ಲೇ ಎಣಿಸತೊಡಗಿದ ಮೇಲೆ ಬೆರಳಿಗೆ ಲಯ ಸಿಕ್ಕಿತು. ಇನ್ನೊಬ್ಬ ನಾಯಕ ಡಾಂಟೆಯ ನಾಲ್ಕು ಕಾದಾಟದ ಶೈಲಿಗಳಲ್ಲಿ ಎರಡು ಮಾತ್ರ ನನ್ನ ಕೈಗೆ ಹತ್ತಿದವು. ಅವುಗಳಲ್ಲಿ ರಾಯಲ್‌ಗಾರ್ಡ್, ಅಂದರೆ ಏಟು ಮೈಗೆ ತಾಗುವ ಕೊನೆಯ ಕ್ಷಣದಲ್ಲಿ ಅದನ್ನು ತಡೆದು, ಕೂಡಿಟ್ಟ ಬಲವನ್ನು ಮರಳಿ ಎದುರಾಳಿಯ ಮೇಲೆ ಬಿಡುವ ವಿದ್ಯೆ, ಇಡೀ ಆಟದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು.

ಹತ್ತೊಂಬತ್ತನೆಯ ಮಿಷನ್‌ನಲ್ಲಿ ಡಾಂಟೆಯಾಗಿ, ಅವನ ಅವಳಿ ಸೋದರನೂ ನೀರೋನ ತಂದೆಯೂ ಆದ ವರ್ಜಿಲ್‌ನನ್ನು ಎದುರಿಸಿದಾಗ ಮೂರು ಸಂಜೆ ಸೋತು ನಾಲ್ಕನೆಯ ಸಂಜೆ ಗೆದ್ದೆ. ಇಪ್ಪತ್ತನೆಯದರಲ್ಲಿ ಅಣ್ಣತಮ್ಮಂದಿರ ನಡುವೆ ನೀರೋ ಬಂದು ನಿಲ್ಲುತ್ತಾನೆ, ತಂದೆಯೊಡನೆ ಹೋರಾಡಿ ಇಬ್ಬರನ್ನೂ ಉಳಿಸುತ್ತಾನೆ. ಕೊನೆಗೆ ಅವರಿಬ್ಬರೂ ಕ್ಲಿಫಾತ್ ಎಂಬ ದೆವ್ವಲೋಕದ ಮರದ ಬೇರು ಕಡಿಯಲು ಅಧೋಲೋಕಕ್ಕೆ ಇಳಿದಾಗ, ಮನುಷ್ಯರ ಲೋಕವನ್ನು ಕಾಯುವ ಹೊಣೆ ನೀರೋನ ಹೆಗಲಿಗೆ ಬರುತ್ತದೆ. ಮೊದಲ ಸಲ ಕೇವಲ ನೋಡಿದ್ದ ಈ ದೃಶ್ಯ, ಅವನ ಕತ್ತಿಯನ್ನು ಪಳಗಿಸಿಕೊಂಡ ಮೇಲೆ ನನ್ನ ಗಂಟಲು ಕಟ್ಟುವಂತೆ ಮಾಡಿತು.

2019ರ ಮಾರ್ಚ್‌ನಲ್ಲಿ ಬಂದ ಈ ಆಟದ ನಿರ್ದೇಶಕ ಹಿಡೆಅಕಿ ಇಟ್ಸುನೊ 2024ರಲ್ಲಿ ಅದನ್ನು ತಯಾರಿಸಿದ ಕ್ಯಾಪ್‌ಕಾಮ್ ಸಂಸ್ಥೆಯನ್ನು ಬಿಟ್ಟರು. ಸರಣಿಯ ಗತಿ ಏನು ಎಂಬ ಆತಂಕ ನನಗೂ ಇದೆ. ಆದರೂ ಈ ಸರಣಿ ಕೈ ಬದಲಾಯಿಸುವುದು ಹೊಸತಲ್ಲ: 2001ರ ಮೊದಲ ಆಟ ಹಿಡೆಕಿ ಕಾಮಿಯಾ ಅವರದು, ಎರಡನೆಯದನ್ನು ಇಟ್ಸುನೊ ಅರ್ಧದಾರಿಯಲ್ಲಿ ವಹಿಸಿಕೊಂಡರು, ಅದು ಜನರಿಗೆ ಹಿಡಿಸಲಿಲ್ಲ, ಆರಂಭದಿಂದಲೇ ಅವರ ಕೈಯಲ್ಲಿ ಬೆಳೆದ 2005ರ ಮೂರನೆಯ ಕಂತು ಸರಣಿಯ ಮಾನವನ್ನು ಉಳಿಸಿತು. ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ ಹನ್ನೊಂದು ವರ್ಷ ಕಾದದ್ದೂ ಇದೆ. ಮುಂದಿನ ಕಂತನ್ನು ಯಾರೇ ಮಾಡಲಿ, ವಿಶಾಲವಾದ ತೆರೆದ ಜಗತ್ತನ್ನು ಕಟ್ಟುವ ಆಸೆಗೆ ಬೀಳದೆ, ಚಿಕ್ಕ ಮಿಷನ್‌ಗಳನ್ನೂ ಬೆರಳಿಗೆ ಕೆಲಸ ಕೊಡುವ ಆ ಆಕ್ಸಿಲರೇಟರನ್ನೂ ಉಳಿಸಿಕೊಂಡು, ನೀರೋನನ್ನು ಕಥೆಯ ನಡುವೆ ನಿಲ್ಲಿಸಲಿ ಎಂಬುದು ನನ್ನ ಬಯಕೆ. ಅಲ್ಲಿಯವರೆಗೆ, ಮಹಡಿಗೊಂದು ಕಾದಾಟವಿರುವ ಬ್ಲಡಿ ಪ್ಯಾಲೇಸ್‌ನ 101 ಮಹಡಿಗಳಿವೆ. ನಾನು ಸದ್ಯಕ್ಕೆ ನಲವತ್ತನೆಯದರಲ್ಲಿದ್ದೇನೆ.