ಸಂಗೀತದಲ್ಲಿ ಪಿಎಚ್‌ಡಿ ಮಾಡ್ಬೇಕಾ? ಟೈಟಲ್ ಹಾಕೋ ಮುಂಚೆ ಇದನ್ನ ಓದಿ

ವರ್ಷಕ್ಕೆ ನಾಲ್ಕೈದು ಜನನಾದ್ರೂ ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಹಿಡ್ಕೊಂಡು ಮನೆಗೆ ಬರ್ತಾರೆ, "ಮೇಡಂ, ಒಂದ್ಸಲ ಕಣ್ಣಾಡಿಸಿ ಕೊಡಿ" ಅಂತ. ತೆಗೆದು ನೋಡಿದ್ರೆ "ಕರ್ನಾಟಕ ಸಂಗೀತಕ್ಕೆ ಮೈಸೂರು ಒಡೆಯರ ಕೊಡುಗೆ: ಒಂದು ಅಧ್ಯಯನ". ಅಲ್ಲಿಗೆ ಮೂರು ವರ್ಷ ನೀರಲ್ಲಿ ಹೋಮ. ಇವ್ರೆಲ್ಲ ಚೆನ್ನಾಗಿ ಹಾಡೋರೇ, ವಿದ್ವತ್ ಪರೀಕ್ಷೆ ಆಗಿರತ್ತೆ, ಕಛೇರಿನೂ ಕೊಟ್ಟಿರ್ತಾರೆ, ಆದ್ರೆ ಹಾಡೋದು ಬೇರೆ, ಹಾಡಿನ ಬಗ್ಗೆ ಪ್ರಶ್ನೆ ಕೇಳೋದು ಬೇರೆ ಅಂತ ಯಾರೂ ಇವ್ರಿಗೆ ಹೇಳಿರಲ್ಲ.

ಹೆಜ್ಜೆ 1: ಅರ್ಹತೆ. ಎಂಎ ಅಥವಾ ಎಂಮ್ಯೂಸಿಕ್‌ನಲ್ಲಿ 55% ಇರ್ಬೇಕು, ಮೀಸಲಾತಿ ಇರೋರಿಗೆ 5% ರಿಯಾಯಿತಿ. 2024ರಿಂದ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಸ್ಕೋರ್ ಮೇಲೂ ಪಿಎಚ್‌ಡಿ ಅಡ್ಮಿಷನ್ ಇದೆ, ಸಂಗೀತದ ಕೋಡ್ 16, ಆದ್ರೆ ಜೆಆರ್‌ಎಫ್ (ಸಂಶೋಧನೆಗೆ ಕೊಡೋ ಫೆಲೋಶಿಪ್) ಇಲ್ಲದೋರಿಗೆ ಆ ಸ್ಕೋರ್ ಒಂದೇ ವರ್ಷ ನಡೆಯೋದು, ಬೀರುವಿನಲ್ಲಿಟ್ಟು ಮರೀಬೇಡಿ.

ಹೆಜ್ಜೆ 2: ಗೈಡ್. ಪ್ರೊಫೆಸರ್ ಹತ್ರ 8, ಅಸೋಸಿಯೇಟ್ ಹತ್ರ 6, ಅಸಿಸ್ಟೆಂಟ್ ಹತ್ರ 4 ಸೀಟು. ಖಾಲಿ ಇದ್ಯಾ ಅಂತ ಮೊದ್ಲು ಕೇಳಿ. ದೊಡ್ಡ ಹೆಸರಿಗಿಂತ ಫೋನ್ ಎತ್ತೋ ಗೈಡ್ ಮೇಲು.

ಹೆಜ್ಜೆ 3: ವಿಷಯ. ಎಲ್ಲರೂ ಮುಗ್ಗರಿಸೋದು ಇಲ್ಲೇ, ಸ್ವಲ್ಪ ನಿಧಾನಕ್ಕೆ ಓದಿ. "ಕೊಡುಗೆ", "ಜೀವನ ಮತ್ತು ಸಾಧನೆ", "ಒಂದು ಸಮಗ್ರ ಅಧ್ಯಯನ", ಈ ಮೂರು ಪದ ಟೈಟಲ್‌ನಲ್ಲಿದ್ರೆ ಹೊಡೆದು ಹಾಕಿ. ಕೊಡುಗೆ ಅನ್ನೋದು ಸನ್ಮಾನಪತ್ರದ ಮಾತು, ಅದಕ್ಕೆ ಉತ್ತರ ಮೊದ್ಲೇ ಗೊತ್ತಿರತ್ತೆ, "ಅಪಾರ" ಅಂತ.

ಅದೇ ಒಡೆಯರ ವಿಷಯನೇ ತಗೊಳ್ಳಿ. ಜಯಚಾಮರಾಜ ಒಡೆಯರ್ 94 ಕೃತಿ ರಚಿಸಿದ್ದಾರೆ. ಆ 94ರಲ್ಲಿ ಅಪರೂಪದ ರಾಗಗಳನ್ನ ಮಾತ್ರ ಆರಿಸ್ಕೊಂಡು, ರಾಗದ ಲಕ್ಷಣ ಪಲ್ಲವಿಯಲ್ಲೇ ಗೊತ್ತಾಗತ್ತಾ ಇಲ್ಲ ಚಿಟ್ಟೆಸ್ವರದ (ಬರೀ ಸ್ವರ ಹಾಡೋ ಭಾಗ) ತನಕ ಕಾಯ್ಬೇಕಾ ಅಂತ ನೋಡಿ. ಇದು ಪ್ರಶ್ನೆ. ಧಾರವಾಡದ ಕಡೆಯೋರಾದ್ರೆ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರನ್ನ ಹಿಡೀರಿ: ಮೂರು ಚಿಲ್ಲರೆ ನಿಮಿಷದ 78 ಆರ್‌ಪಿಎಂ ತಟ್ಟೆಯಲ್ಲಿ ರಾಗ ಹೆಂಗೆ ಬೆಳೆಸಿದ್ರು, ಆಮೇಲಿನ ಲಾಂಗ್ ಪ್ಲೇನಲ್ಲಿ ಹೆಂಗೆ? ಕೇಳಿ ಉತ್ತರ ಹುಡುಕಬಹುದು, ಯಾರಾದ್ರೂ "ಇಲ್ಲ ರೀ, ಹಂಗಲ್ಲ" ಅಂತ ಜಗಳ ತೆಗೀಬಹುದು, ಜಗಳಕ್ಕೆ ಜಾಗ ಇಲ್ಲದ ವಿಷಯ ಪಿಎಚ್‌ಡಿಗೆ ಬರಲ್ಲ. ಟೈಟಲ್ ಸಿಕ್ತು ಅನ್ನಿಸಿದ್ ಕೂಡ್ಲೇ ಶೋಧಗಂಗಾದಲ್ಲಿ (ಥೀಸಿಸ್‌ಗಳ ಆನ್‌ಲೈನ್ ಭಂಡಾರ) ಹುಡುಕಿ, ಬೇರೆಯವ್ರು ಮಾಡಿಬಿಟ್ಟಿದ್ರೆ ಅಳೋದು ಈಗಲೇ ಅಳಿ.

ಹಾಂ, ರೆಡಿಮೇಡ್ ಸಿನಾಪ್ಸಿಸ್ ಬರ್ಕೊಡ್ತೀವಿ ಅಂತ ವಾಟ್ಸಾಪ್‌ನಲ್ಲಿ ಬರತ್ತಲ್ಲ, ಅದನ್ನ ಮುಟ್ಟಬೇಡಿ. ನಾನು ನೋಡಿದ ಒಂದರಲ್ಲಿ ಹಿಂದೂಸ್ತಾನಿ ತೋಡಿ ರಾಗನೂ ನಮ್ಮ ಕರ್ನಾಟಕ ಸಂಗೀತದ ತೋಡಿನೂ ಒಂದೇ ಅಂತ ಬರ್ದಿದ್ರು! ಅವ್ರ ತೋಡಿ ನಮ್ಮ ಶುಭಪಂತುವರಾಳಿಗೆ ಹತ್ರ, ಇದು ಜೂನಿಯರ್ ಮಕ್ಕಳಿಗೂ ಹೇಳ್ಕೊಡೋ ಮಾತು.

ಹೆಜ್ಜೆ 4: ಕೋರ್ಸ್‌ವರ್ಕ್. ಕನಿಷ್ಠ 12 ಕ್ರೆಡಿಟ್. ಹೋಗಿ, ಕೂತ್ಕೊಳ್ಳಿ, ಪಾಸಾಗಿ.

ಹೆಜ್ಜೆ 5: ರೆಕಾರ್ಡಿಂಗ್ ಮತ್ತು ಸ್ವರಲಿಪಿ. ಹಿರಿಯರ ಮನೆಗೆ ಹೋದಾಗ ಮೊದಲು ಒಂದು ನಿಮಿಷ ಬರೀ ತಂಬೂರಿ ರೆಕಾರ್ಡ್ ಮಾಡಿ, ಆಮೇಲೆ ಹೆಸರು ತಾರೀಖು ಅವ್ರ ಬಾಯಲ್ಲೇ ಹೇಳಿಸಿ, ಆಮೇಲೆ ಹಾಡು. ಷಡ್ಜ (ಆಧಾರದ "ಸ") ಎಲ್ಲಿತ್ತು ಅಂತ ಗೊತ್ತಿಲ್ದೆ ಮನೆಗೆ ಬಂದು ಶ್ರುತಿ ಅಳೆಯೋಕೆ ಕೂತ್ರೆ ಬರೀ ಊಹೆ. ಹಳೇ ತಟ್ಟೆಗಳಲ್ಲಂತೂ ತಿರುಗೋ ವೇಗ ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಶ್ರುತಿನೇ ಏರಿಳಿಯತ್ತೆ, ಅದ್ರ ಮೇಲೆ "ಇವ್ರು ಐದು ಕಟ್ಟೆ ಶ್ರುತಿಯಲ್ಲಿ ಹಾಡ್ತಿದ್ರು" ಅಂತ ತೀರ್ಮಾನ ಕೊಡಬೇಡಿ. ಅಳೆಯೋಕೆ ಪ್ರಾಟ್, ಸೋನಿಕ್ ವಿಶುವಲೈಸರ್ ಅನ್ನೋ ಸಾಫ್ಟ್‌ವೇರ್ ಎರಡೂ ಫ್ರೀ, ದುಡ್ಡು ಕೊಟ್ಟು ಏನೂ ತಗೋಬೇಡಿ. ನಮ್ಮ ತೋಡಿಯ ಗಾಂಧಾರವನ್ನ ಹಾಕಿ ನೋಡಿ, ಪುಸ್ತಕದಲ್ಲಿ ಒಂದೇ ಒಂದು "ಗ", ಸ್ಕ್ರೀನ್ ಮೇಲೆ ರಿಷಭ ಮಧ್ಯಮದ ನಡುವೆ ಉಯ್ಯಾಲೆ.

ಹೆಜ್ಜೆ 6: ಟೈಪಿಂಗ್. ಮೊದಲ ದಿನದಿಂದ ಯೂನಿಕೋಡ್‌ನಲ್ಲೇ ಮಾಡಿ. ಹಳೇ ನುಡಿ ಫಾಂಟ್‌ನಲ್ಲಿ ಮಾಡಿದ್ರೆ ಬೇರೆ ಕಂಪ್ಯೂಟರ್‌ನಲ್ಲಿ ತೆಗೆದಾಗ ಬೈಗುಳದ ಥರ ಕಾಣತ್ತೆ. ಸ್ವರಲಿಪಿ ಪುಟಗಳನ್ನ ಮಾತ್ರ ಡಿಟಿಪಿ ಅಂಗಡಿಗೆ ಬಿಟ್ಟು ಬರ್ಬೇಡಿ, ಪಕ್ಕದಲ್ಲೇ ಕೂತ್ಕೊಳ್ಳಿ. ನನ್ನ ಥೀಸಿಸ್‌ನಲ್ಲಿ ಮಂದ್ರ ಸ್ಥಾಯಿ ಸ್ವರ ಗುರುತಿಸೋ ಕೆಳಚುಕ್ಕಿ ಎಲ್ಲಾ "ಧೂಳು ಮೇಡಂ" ಅಂತ ಹುಡುಗ ಅಳಿಸಿಬಿಟ್ಟಿದ್ದ, ನಲವತ್ತು ಪುಟ ಪೆನ್ನಲ್ಲಿ ಚುಕ್ಕಿ ಇಟ್ಟೆ.

ನಕಲು ತಪಾಸಣೆಯಲ್ಲಿ ಹೋಲಿಕೆ 10% ದಾಟಬಾರ್ದು, ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು, ಎಕ್ಸ್‌ಟೆನ್ಶನ್ ಬೇರೆ.

ಹೆಜ್ಜೆ 7: ವೈವಾ, ಅಂದ್ರೆ ಮೌಖಿಕ ಪರೀಕ್ಷೆ. ಆಡಿಯೋ ಕ್ಲಿಪ್ ಪೆನ್‌ಡ್ರೈವ್‌ನಲ್ಲೂ ಫೋನ್‌ನಲ್ಲೂ ಇರ್ಲಿ, ಸ್ಪೀಕರ್ ನಿಮ್ದೇ ಒಯ್ಯಿರಿ. ಅದೂ ಕೈಕೊಟ್ರೆ ಎಕ್ಸಾಮಿನರ್ "ಇರ್ಲಿ ಬಿಡಮ್ಮ, ಆ ಗಾಂಧಾರ ನೀನೇ ಹಾಡು" ಅಂತಾರೆ, ಅದಕ್ಕೇ ಅವತ್ತು ಬೆಳಿಗ್ಗೆ ಅರ್ಧ ಗಂಟೆ ಸಾಧನೆ ಮಾಡ್ಕೊಂಡೇ ಹೋಗಿ.