ಬಾಟಲಿ ಬದಲಾಯಿಸಿದೆ, ಹುಲ್ಲು ಸಾಯಲಿಲ್ಲ

ಬಿಸ್‌ಪೈರಿಬ್ಯಾಕ್ ಸೋಡಿಯಂ ಎಂಬ ಕಳೆನಾಶಕ ಹೊಡೆದು ಮೂರು ವಾರ ಕಳೆದಿತ್ತು. ಜೇಕು ಸತ್ತಿತ್ತು, ಅಗಲ ಎಲೆಯ ಕಳೆಗಳೂ ಸತ್ತಿದ್ದವು. ಸಿಂಪಿಗನ ಹುಲ್ಲು ಮಾತ್ರ ಭತ್ತದ ನಡುವೆ ತಲೆಯೆತ್ತಿ ನಿಂತಿತ್ತು. ಮೊದಲು ಮಳೆಯನ್ನು ಬೈದೆ, ಆಮೇಲೆ ನಾಜಲ್ಲನ್ನು, ಕೊನೆಗೆ ಔಷಧಿಯೇ ನಕಲಿ ಎಂದುಕೊಂಡೆ.

ಬಗ್ಗಿ ನೋಡಿದಾಗ ಅನುಮಾನ ಬೇರೆ ಕಡೆ ತಿರುಗಿತು. ಸಿಂಪಡಣೆ ತಪ್ಪಿದ್ದರೆ ಹುಲ್ಲು ಪಟ್ಟಿ ಪಟ್ಟಿಯಾಗಿ ಉಳಿಯಬೇಕಿತ್ತು. ಇಲ್ಲಿ ಒಂದು ಬುಡ ಒಣಗಿ ಕಂದಾಗಿದೆ, ಅದಕ್ಕೆ ಗೇಣು ದೂರದಲ್ಲಿ ಅಷ್ಟೇ ವಯಸ್ಸಿನ ಇನ್ನೊಂದು ಬುಡ ಹೊಸ ಸುಳಿ ಬಿಟ್ಟಿದೆ.

ಹಿಂದಿನ ವರ್ಷಗಳ ಲೆಕ್ಕದ ಪುಸ್ತಕ ತೆಗೆದೆ. ಮೂರು ವರ್ಷ ಬಿಸ್‌ಪೈರಿಬ್ಯಾಕ್, ನಡುವೆ ಒಂದು ವರ್ಷ 'ಬದಲಾವಣೆ ಇರಲಿ' ಎಂದು ಪೆನಾಕ್ಸುಲಾಮ್ ಎಂಬ ಇನ್ನೊಂದು ಕಳೆನಾಶಕ. ಈ ಎರಡು ಔಷಧಿಗಳೂ ಗಿಡದಲ್ಲಿ ತಡೆಯುವುದು ಅದರ ಬೆಳವಣಿಗೆಗೆ ಬೇಕಾದ ಎಎಲ್‌ಎಸ್ ಎಂಬ ಒಂದೇ ಕಿಣ್ವವನ್ನು. ಕಳೆನಾಶಕಗಳನ್ನು ಅವು ಕೊಲ್ಲುವ ಬಗೆ ನೋಡಿ ಗುಂಪು ಮಾಡುತ್ತಾರೆ, ಎರಡೂ ಗುಂಪು 2ಕ್ಕೆ ಸೇರಿದವು. ಅದೇ ಆಳಿಗೆ ಬೇರೆ ಅಂಗಿ ತೊಡಿಸಿ ಗದ್ದೆಗೆ ಕಳಿಸಿದ್ದೆ. ಔಷಧಿ ಹುಲ್ಲಿಗೆ ನಿರೋಧಕ ಶಕ್ತಿ ಕೊಡುವುದಿಲ್ಲ. ಎಲ್ಲೋ ಒಂದೆರಡು ಗಿಡಗಳಲ್ಲಿ ಅದು ಮೊದಲೇ ಇರುತ್ತದೆ. ಉಳಿದವನ್ನು ಕೊಂದು ಅವುಗಳ ಬೀಜಕ್ಕೆ ಜಾಗ ಬಿಡಿಸಿಕೊಟ್ಟವನು ನಾನು.

ಊಹೆ ಸಾಲದೆಂದು ಕುಂಡಗಳಲ್ಲಿ ಪರೀಕ್ಷೆ ಮಾಡಿದೆ. ಗದ್ದೆಯಲ್ಲಿ ಸಾಯದೆ ಉಳಿದ ಗಿಡಗಳ ಬೀಜವನ್ನು ಒಂದು ಲಕೋಟೆಗೆ, ಕಳೆನಾಶಕ ಕಾಣದ ಜಾಗದ ಬೀಜವನ್ನು ಇನ್ನೊಂದಕ್ಕೆ ತುಂಬಿಸಿಟ್ಟೆ. ಆಗತಾನೇ ಉದುರಿದ ಬೀಜ ಸುಪ್ತಾವಸ್ಥೆಯಲ್ಲಿರುತ್ತದೆ, ಮೊಳೆಯುವುದಿಲ್ಲ. ಕೆಲವು ತಿಂಗಳು ಕಾಯಬೇಕಾಯಿತು. ಎರಡು ಮೂರು ಎಲೆ ಬಂದಾಗ ಕೆಲವು ಕುಂಡಗಳಿಗೆ ಲೇಬಲ್ಲಿನ ಪ್ರಮಾಣ, ಕೆಲವಕ್ಕೆ ಎರಡು ಪಟ್ಟು ಹೊಡೆದು, ಕೆಲವನ್ನು ಹಾಗೆಯೇ ಬಿಟ್ಟೆ. ಹೊರಗಿನ ಹುಲ್ಲು ಲೇಬಲ್ಲಿನ ಪ್ರಮಾಣಕ್ಕೇ ಸತ್ತಿತು. ನನ್ನ ಗದ್ದೆಯದು ಎರಡು ಪಟ್ಟಿಗೂ ಸ್ವಲ್ಪ ಹಳದಿಯಾಗಿ ಮತ್ತೆ ಚಿಗುರಿತು. ಇನ್ನು ಪ್ರಮಾಣ ಏರಿಸುವುದರಲ್ಲಿ ಅರ್ಥವಿಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು.

ಮುಂದಿನ ಹಂಗಾಮಿನಲ್ಲಿ ನಾಟಿಯನ್ನು ಹದಿನೈದು ದಿನ ಮುಂದೂಡಿದೆ. ಮಡಿಗೆ ನೀರು ಹಾಯಿಸಿ ಕಳೆ ಮೊಳೆಯಲು ಬಿಟ್ಟು, ಮೇಲುಮೇಲೆ ಮಾತ್ರ ಕೆಸರು ಕಲಸಿ ಸಾಯಿಸಿದೆ. ಆಳವಾಗಿ ಉತ್ತಿದ್ದರೆ ಹೂತಿದ್ದ ಬೀಜ ಮತ್ತೆ ಮೇಲೆ ಬರುತ್ತಿತ್ತು. ಅತಿ ಹೆಚ್ಚು ಶ್ರಮ ತಿಂದದ್ದು ನೆಲ ಸಮ ಮಾಡುವ ಕೆಲಸ, ಅತಿ ಹೆಚ್ಚು ಫಲ ಕೊಟ್ಟದ್ದೂ ಅದೇ. ನೀರು ನಿಲ್ಲದ ದಿಬ್ಬಗಳೇ ಹುಲ್ಲಿನ ತವರು. ನಾಟಿಯಾದ ಮೂರು ದಿನದೊಳಗೆ ತೆಳುನೀರಿನಲ್ಲಿ, ಕಳೆ ಮೊಳೆತು ಬರದಂತೆ ತಡೆಯುವ ಪ್ರೆಟಿಲಾಕ್ಲೋರ್ (ಗುಂಪು 15) ಕೊಟ್ಟು, ಸಸಿ ಬೇರೂರಿದ ಮೇಲೆ ಸುಮಾರು 5 ಸೆಂಟಿಮೀಟರ್ ನೀರು ನಿಲ್ಲಿಸಿದೆ. ತಪ್ಪಿಸಿಕೊಂಡು ಬಂದ ಹುಲ್ಲಿಗೆ ಸೈಹ್ಯಾಲೋಫಾಪ್ (ಗುಂಪು 1): ನೀರು ಬಸಿದು ಎಲೆಗಳು ಹೊರಗೆ ಕಾಣುವಂತೆ ಮಾಡಿ ಹೊಡೆದು, ಎರಡು ಮೂರು ದಿನ ಬಿಟ್ಟು ಮತ್ತೆ ನೀರು ಕಟ್ಟಿದೆ. ಒಂದೇ ಓಡಾಟದಲ್ಲಿ ಮುಗಿಯಲಿ ಎಂದು ಅಗಲ ಎಲೆಯ ಕಳೆ ಕೊಲ್ಲುವ 2,4-ಡಿ ಬೆರೆಸುವ ಆಸೆಯಾಗಿತ್ತು. ಬೆರೆಸಿದರೆ ಹುಲ್ಲಿನ ಮೇಲೆ ಸೈಹ್ಯಾಲೋಫಾಪ್‌ನ ಪೆಟ್ಟು ತಗ್ಗುತ್ತದೆ, ಬಿಟ್ಟುಬಿಟ್ಟೆ.

ಮಿಕ್ಕದ್ದು ಕೈಯ ಕೆಲಸ. ಎಳೆಯದರಲ್ಲಿ ಭತ್ತವೂ ಈ ಹುಲ್ಲೂ ಅವಳಿಗಳಂತೆ ಕಾಣುತ್ತವೆ. ಎಲೆಯನ್ನು ಹಿಂದಕ್ಕೆ ಬಾಗಿಸಿ, ಅದು ಕಾಂಡವನ್ನು ಸೇರುವ ಸಂದಿಯನ್ನು ನೋಡುತ್ತೇನೆ: ಭತ್ತವಾದರೆ ಅಲ್ಲಿ ನಾಲಿಗೆಯಂಥ ಬಿಳಿಯ ಪೊರೆ ಎದ್ದಿರುತ್ತದೆ, ಸಿಂಪಿಗನ ಹುಲ್ಲಿನಲ್ಲಿ ಬರೀ ನುಣುಪು. ನನ್ನೊಡನೆ ಕಳೆ ಕೀಳುವವರಿಗೆಲ್ಲ ಮೊದಲ ದಿನ ಇದನ್ನೇ ತೋರಿಸುತ್ತೇನೆ. ಆದರೂ ಮಧ್ಯಾಹ್ನದ ಹೊತ್ತಿಗೆ ಒಂದಷ್ಟು ಭತ್ತದ ಸಸಿಗಳು ಬದುವಿನ ಮೇಲೆ ಬಿದ್ದಿರುತ್ತವೆ. ಕಿತ್ತವರಲ್ಲಿ ನಾನೂ ಇರುತ್ತೇನೆ.

ಇದು ಮೂರನೆಯ ವರ್ಷ. ತೂಬಿನ ಪಕ್ಕದ ಮೂಲೆಯಲ್ಲಿ ಇನ್ನೂ ಕೆಲವು ಗಿಡಗಳು ಬರುತ್ತಿವೆ. ತೆನೆ ಬಿಟ್ಟವನ್ನು ಬದುವಿಗೆ ಎಸೆಯುವುದಿಲ್ಲ. ಚೀಲದ ಬಾಯಿಯೊಳಗೆ ತೆನೆಯನ್ನು ಬಗ್ಗಿಸಿ ಹಿಡಿದು, ಆಮೇಲೆ ಬುಡ ಕೀಳುತ್ತೇನೆ. ಮುಟ್ಟಿದರೆ ಸಾಕು, ಉದುರುತ್ತದೆ.