ಗೋಧಿ ನಾಡಿನ ರೈಲು ದಾರಿ: ಶಿಯಾನ್‌ನಿಂದ ಡುನ್‌ಹುವಾಂಗ್‌ವರೆಗೆ

ಬೀಜಿಂಗ್, ಶಾಂಘೈ ಎರಡನ್ನೂ ಬಿಟ್ಟೇ ಚೀನಾ ನೋಡುವುದು ಎಂದು ನಾನೂ ನನ್ನ ತಮ್ಮನೂ ಮೊದಲೇ ತೀರ್ಮಾನಿಸಿದ್ದೆವು. ಅಷ್ಟು ದೊಡ್ಡ ದೇಶದಲ್ಲಿ ಮೂಲೆಗೊಂದು ಊರು ಆರಿಸಿ ವಿಮಾನದಲ್ಲಿ ಹಾರಾಡಿದರೆ ಕೊನೆಗೆ ನೆನಪಿನಲ್ಲಿ ಉಳಿಯುವುದು ವಿಮಾನ ನಿಲ್ದಾಣಗಳೇ. ಅದಕ್ಕೆ ಒಂದೇ ರೈಲು ದಾರಿ ಹಿಡಿದೆವು. ಶಿಯಾನ್‌ನಲ್ಲಿ ಹತ್ತಿ, ಲಾನ್‌ಜೌ, ಜಾಂಗ್ಯೆಗಳಲ್ಲಿ ಇಳಿದು ಉಳಿದು, ಡುನ್‌ಹುವಾಂಗ್‌ವರೆಗೆ. ಲಾನ್‌ಜೌ ದಾಟಿದ ಮೇಲಿನ ಪಟ್ಟಿಗೆ ಹೆಷಿ ಕಾರಿಡಾರ್ ಅನ್ನುತ್ತಾರೆ. ದಕ್ಷಿಣಕ್ಕೆ ಚಿಲಿಯನ್ ಪರ್ವತ, ಉತ್ತರಕ್ಕೆ ಮರುಭೂಮಿ, ನಡುವೆ ಸುಮಾರು ಸಾವಿರ ಕಿಲೋಮೀಟರ್ ಉದ್ದದ ಕಿರಿದಾದ ನೆಲ. ಹಿಂದೆ ರೇಷ್ಮೆ ದಾರಿ ಸಾಗಿದ್ದೂ ಇಲ್ಲೇ.

ಈ ದಾರಿ ಆರಿಸಲು ಇನ್ನೊಂದು ಕಾರಣ ನನ್ನ ಹೊಟ್ಟೆ. ನಾನು ಸಸ್ಯಾಹಾರಿ, ಮೊಟ್ಟೆ ಆಗುತ್ತದೆ. ತಮ್ಮನಿಗೆ ಎಲ್ಲವೂ ಆಗುತ್ತದೆ. ತಟ್ಟೆಯಲ್ಲಿ ಮಾಂಸದ ತುಂಡಿದ್ದರೆ ಕಣ್ಣಿಗೆ ಕಾಣುತ್ತದೆ, ಬಿಡಬಹುದು. ಕಾಣದ ಹಂದಿ ಕೊಬ್ಬಿನದ್ದೇ ತೊಂದರೆ. ಸೊಪ್ಪನ್ನೂ ಅದರಲ್ಲೇ ಹುರಿಯುವವರಿದ್ದಾರೆ. ಆದರೆ ವಾಯವ್ಯ ಚೀನಾದಲ್ಲಿ ಹುಯಿ ಮುಸ್ಲಿಮರ ಹೋಟೆಲುಗಳು ಬೀದಿ ಬೀದಿಗೂ ಇವೆ. ಅಲ್ಲಿ ಹಂದಿಯ ಸುಳಿವೇ ಇಲ್ಲ. ಬೋರ್ಡಿನ ಮೇಲೆ ‘ಚಿಂಗ್‌ಝೆನ್’ (ಹಲಾಲ್) ಎಂಬ ಎರಡು ಚೀನೀ ಅಕ್ಷರ ಇರುತ್ತದೆ, ಹಲವು ಕಡೆ ಹಸಿರು ಬಣ್ಣದಲ್ಲಿ. ಆ ಅಕ್ಷರಗಳ ಫೋಟೋ ಫೋನಿನಲ್ಲಿ ಇಟ್ಟುಕೊಂಡಿದ್ದೆ. ದನ, ಕುರಿಯ ಸಾರು ಬೇಡ ಅಂತ ಹೇಳುವುದೊಂದೇ ಅಲ್ಲಿ ಬಾಕಿ ಕೆಲಸ. ಮೇಲಾಗಿ ಇದು ಪೂರ್ತಿ ಗೋಧಿ ನಾಡು. ಅನ್ನಕ್ಕಿಂತ ಹಿಟ್ಟಿನ ತಿಂಡಿಯೇ ಜಾಸ್ತಿ.

ಹೊರಡುವ ಮುಂಚಿನ ತಯಾರಿಯಲ್ಲಿ ದೊಡ್ಡದು ದುಡ್ಡಿನ ವಿಷಯ. ಕಲ್ಲಂಗಡಿ ಗಾಡಿಯವರೂ ಕ್ಯೂಆರ್ ಇಟ್ಟಿರುತ್ತಾರೆ, ಆದರೆ ನಮ್ಮ ಯುಪಿಐ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಚೀನಾದ ಪಾವತಿ ಆಪ್ ಅಲಿಪೇ ಹಾಕಿಕೊಂಡು, ಪಾಸ್‌ಪೋರ್ಟ್ ದೃಢೀಕರಣ ಮುಗಿಸಿ, ಅಂತಾರಾಷ್ಟ್ರೀಯ ಕ್ರೆಡಿಟ್ ಕಾರ್ಡ್ ಜೋಡಿಸಿ, ಬ್ಯಾಂಕಿನ ಆಪ್‌ನಲ್ಲಿ ವಿದೇಶಿ ವಹಿವಾಟು ತೆರೆದಿಡಬೇಕು. ಇದೆಲ್ಲ ಮನೆಯಲ್ಲೇ ಆಗಬೇಕು, ಯಾಕೆಂದರೆ ಒಟಿಪಿ ಬರುವುದು ನಮ್ಮ ಸಿಮ್‌ಗೆ. ಒಂದು ಬಾರಿಗೆ 200 ಯುವಾನ್ ಮೀರಿದರೆ ಶೇ. 3ರಷ್ಟು ಶುಲ್ಕ ಬೀಳುತ್ತದೆ. ಊಟ, ಬಸ್ಸು, ಟ್ಯಾಕ್ಸಿ ಅಷ್ಟು ಮುಟ್ಟುವುದೇ ಅಪರೂಪ.

ಇಂಟರ್ನೆಟ್ಟಿಗೆ ನಾನು ಭಾರತದ ಸಿಮ್‌ನ ರೋಮಿಂಗ್ ಪ್ಯಾಕ್ ಹಾಕಿಸಿದ್ದೆ. ಹೋಟೆಲಿನ ವೈಫೈನಲ್ಲಿ ಗೂಗಲ್, ವಾಟ್ಸಾಪ್ ತೆರೆಯುವುದಿಲ್ಲ, ರೋಮಿಂಗ್‌ನಲ್ಲಿ ತೆರೆಯುತ್ತದೆ. ಅಮ್ಮನಿಗೆ ದಿನಾ ರಾತ್ರಿ ಮುಖ ತೋರಿಸಲು ಅಷ್ಟು ಸಾಕಾಯಿತು. ಆದರೆ ಗೂಗಲ್ ನಕ್ಷೆಯನ್ನು ಅಲ್ಲಿ ನಂಬಬೇಡಿ. ಚೀನಾದ ನಕ್ಷೆಗಳ ಲೆಕ್ಕವೇ ಬೇರೆ, ನೀವು ನಿಂತ ಜಾಗ ನೂರಾರು ಮೀಟರ್ ಆಚೆ ತೋರಿಸಬಹುದು. ಅವರದೇ ಆಮ್ಯಾಪ್ ಹಾಕಿಕೊಳ್ಳಿ. ನಾವು ಹೋದಾಗ ನೇರ ವಿಮಾನ ಇರಲಿಲ್ಲ, ಕೌಲಾಲಂಪುರದ ಮೂಲಕ ಸುತ್ತಿ ಹೋದೆವು. 2020ರಲ್ಲಿ ನಿಂತಿದ್ದ ಭಾರತ–ಚೀನಾ ನೇರ ವಿಮಾನಗಳು 2025ರ ಅಕ್ಟೋಬರ್‌ನಲ್ಲಿ ಕೋಲ್ಕತ್ತ–ಗುವಾಂಗ್‌ಜೌ ಮಾರ್ಗದಿಂದ ಮತ್ತೆ ಶುರುವಾಗಿವೆ.

ಶಿಯಾನ್ ಎಂದರೆ ಎಲ್ಲರೂ ಹೇಳುವುದು ಹಳೇ ಚಕ್ರವರ್ತಿಯ ಸಮಾಧಿ ಬಳಿ ಹೂತಿದ್ದ ಮಣ್ಣಿನ ಸೈನಿಕ ಮೂರ್ತಿಗಳನ್ನು. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕವು. ನೋಡಲೇಬೇಕು, ನೋಡಿದೆವು, ಜನರ ತಲೆಗಳ ನಡುವೆ. ನನಗೆ ಜಾಸ್ತಿ ಹಿಡಿಸಿದ್ದು ಊರಿನ ಕೋಟೆ ಗೋಡೆ. 14ನೇ ಶತಮಾನದ್ದು, ಸುತ್ತಳತೆ 13.7 ಕಿ.ಮೀ. ಮೇಲೆ ಸೈಕಲ್ ಬಾಡಿಗೆಗೆ ಸಿಗುತ್ತದೆ. ಬೆಳಗ್ಗೆಯೇ ಹತ್ತಿದರೆ ಬಿಸಿಲಿಗೆ ಮುಂಚೆ ಒಂದು ಸುತ್ತು ಮುಗಿಯುತ್ತದೆ. ಒಂದು ಕಡೆ ಹಳೇ ಊರಿನ ಬೂದು ಹಂಚು, ಇನ್ನೊಂದು ಕಡೆ ಗಗನಚುಂಬಿಗಳು.

ಅಲ್ಲಿಯ ದೊಡ್ಡ ಕಾಡುಬಾತು ಪಗೋಡಕ್ಕೆ ಮಾತ್ರ ನಾನು ಬೇಕೆಂದೇ ಹೋದೆ. ಹ್ಯೂಯೆನ್ ತ್ಸಾಂಗ್ ಭಾರತದಿಂದ ಹೊತ್ತು ತಂದ ಗ್ರಂಥಗಳನ್ನು ಇಡಲು 652ರಲ್ಲಿ ಕಟ್ಟಿದ್ದು. ಶಾಲೆಯ ಸಮಾಜ ಪುಸ್ತಕದಲ್ಲಿ ಇಮ್ಮಡಿ ಪುಲಿಕೇಶಿಯ ಪಾಠದಲ್ಲಿ ಬರುತ್ತಾನಲ್ಲ, ಅವನೇ. ಪುಲಿಕೇಶಿಯ ರಾಜ್ಯಕ್ಕೆ ಬಂದು, ಅಲ್ಲಿ ಯುದ್ಧಕ್ಕೆ ಮುಂಚೆ ಸೈನಿಕರ ಜೊತೆ ಆನೆಗಳಿಗೂ ಹೆಂಡ ಕುಡಿಸುತ್ತಾರೆ ಎಂದು ಬರೆದಿಟ್ಟವನು. ಪಗೋಡದ ಎದುರು ಅವನ ದೊಡ್ಡ ಪ್ರತಿಮೆ ಇದೆ. ನಮ್ಮ ಪಾಠದಲ್ಲಿ ಅವನು ನಾಲ್ಕು ಸಾಲಿನ ಅತಿಥಿ, ಇಲ್ಲಿ ಊರಿಗೇ ಯಜಮಾನ.

ಶಿಯಾನ್‌ನಲ್ಲಿ ನನ್ನ ಊಟ ಎರಡೇ ತಿಂಡಿಯ ಮೇಲೆ ನಡೆಯಿತು. ಒಂದು ಲಿಯಾಂಗ್‌ಪಿ. ಗೋಧಿ ಹಿಟ್ಟನ್ನು ನೀರಿನಲ್ಲಿ ತೊಳೆದು, ಬರುವ ಹಾಲನ್ನು ತೆಳ್ಳಗೆ ಆವಿಯಲ್ಲಿ ಬೇಯಿಸಿ, ಪಟ್ಟಿಯಾಗಿ ಕತ್ತರಿಸಿ, ತಣ್ಣಗೆ ಕೊಡುತ್ತಾರೆ. ಮೇಲೆ ಸೌತೆಕಾಯಿ, ಹುಳಿ ವಿನೆಗರ್, ಕೆಂಪು ಮೆಣಸಿನ ಎಣ್ಣೆ. ಹಿಟ್ಟು ತೊಳೆದಾಗ ಉಳಿಯುವ ಅಂಟನ್ನೂ ಬಿಸಾಡುವುದಿಲ್ಲ. ಅದನ್ನು ಸ್ಪಂಜಿನಂತೆ ಬೇಯಿಸಿ ಜೊತೆಗೇ ಹಾಕುತ್ತಾರೆ, ಖಾರದ ಎಣ್ಣೆ ಹೀರಿಕೊಂಡು ಕೂತಿರುತ್ತದೆ. ಎರಡನೆಯದು ಯೌಪೊ ಮಿಯಾನ್. ಬೆಂದ ಅಗಲ ನೂಡಲ್ಸ್ ಮೇಲೆ ಮೆಣಸಿನ ಪುಡಿ, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು ಇಟ್ಟು, ಕಾದ ಎಣ್ಣೆಯನ್ನು ಚುಂಯ್ ಎಂದು ಸುರಿಯುತ್ತಾರೆ. ಆ ವಾಸನೆಗೆ ನಮ್ಮ ಕಡೆಯವರು ಯಾರಾದರೂ ಸೋಲುತ್ತಾರೆ. ತಮ್ಮ ಮುಸ್ಲಿಂ ಬೀದಿಯಲ್ಲಿ ಪಾವೊಮೊ ತಿಂದ. ಒಣ ರೊಟ್ಟಿಯನ್ನು ನಾವೇ ಕಡಲೆಕಾಳಿನಷ್ಟು ಸಣ್ಣಗೆ ಮುರಿದು ಕೊಡಬೇಕು, ಆಮೇಲೆ ಕುರಿ ಸಾರಿನಲ್ಲಿ ಬೇಯಿಸಿ ತರುತ್ತಾರೆ. ಅವನು ಬೇಸರಪಟ್ಟು ದೊಡ್ಡದಾಗಿ ಮುರಿದಿದ್ದ. ಅಡುಗೆಯಾತ ಬಟ್ಟಲು ನೋಡಿ ತಲೆ ಅಲ್ಲಾಡಿಸಿ ವಾಪಸ್ ಕೊಟ್ಟ.

ಲಾನ್‌ಜೌಗೆ ವೇಗದ ರೈಲಿನಲ್ಲಿ ಸುಮಾರು ಮೂರು ಗಂಟೆ. ಪಾಸ್‌ಪೋರ್ಟೇ ಟಿಕೆಟ್ಟು. ಬುಕ್ ಮಾಡುವಾಗ ಕೊಟ್ಟ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಬೇಕು. ಗೇಟಿನಲ್ಲಿ ಚೀನೀಯರ ಗುರುತಿನ ಚೀಟಿಗೆ ಯಂತ್ರ, ನಮಗೆ ಪಕ್ಕದಲ್ಲಿ ಸಿಬ್ಬಂದಿ ನಿಂತಿರುವ ದಾರಿ. ಒಳಗೆ ಹೋಗುವಾಗ ವಿಮಾನ ನಿಲ್ದಾಣದಂಥ ತಪಾಸಣೆ ಇರುವುದರಿಂದ ಮುಕ್ಕಾಲು ಗಂಟೆ ಮುಂಚೆ ಹೋಗುವುದು ಒಳ್ಳೆಯದು. ಪ್ರತಿ ಸ್ಟೇಷನ್ನು, ಪ್ರತಿ ಬೋಗಿಯಲ್ಲೂ ಕುದಿಯುವ ನೀರು ಪುಕ್ಕಟೆ. ಅಮ್ಮ ಕಟ್ಟಿಕೊಟ್ಟ ಗೊಜ್ಜವಲಕ್ಕಿ ಪುಡಿಗೆ ಆ ನೀರು ಹಾಕಿ ಮುಚ್ಚಿಟ್ಟರೆ ಮುಂದಿನ ಸ್ಟೇಷನ್ನಿಗೆ ತಿಂಡಿ ರೆಡಿ. ಅಕ್ಕಪಕ್ಕದವರು ಬಟ್ಟಲಿನ ನೂಡಲ್ಸಿಗೆ ಅದೇ ನೀರು ಹಾಕುತ್ತಿದ್ದರು.

ಲಾನ್‌ಜೌ ಚೆಂದದ ಊರು ಎಂದು ನಾನು ಹೇಳುವುದಿಲ್ಲ. ಎರಡು ಗುಡ್ಡದ ಸಾಲಿನ ನಡುವೆ, ಹಳದಿ ನದಿಯ ದಂಡೆಗೆ ಉದ್ದಕ್ಕೆ ಅಂಟಿಕೊಂಡಿರುವ ಕೈಗಾರಿಕಾ ನಗರ. ನದಿ ಮಾತ್ರ ಹೆಸರಿಗೆ ತಕ್ಕ ಬಣ್ಣದಲ್ಲೇ ಹರಿಯುತ್ತದೆ. 1909ರ ಝೊಂಗ್‌ಶಾನ್ ಕಬ್ಬಿಣದ ಸೇತುವೆ ಮೇಲೆ ಸಂಜೆ ಇಡೀ ಊರು ನಡೆಯಲು ಬರುತ್ತದೆ. ಆದರೆ ಇಲ್ಲಿ ಬೆಳಗ್ಗೆ ಏಳಕ್ಕೆ ಎದ್ದು ನೂಡಲ್ಸ್ ಅಂಗಡಿಗೆ ಹೋಗದಿದ್ದರೆ ಊರಿಗೆ ಬಂದಿದ್ದೇ ದಂಡ. ದನದ ಸಾರಿನ ನೂಡಲ್ಸ್ ಅವರಿಗೆ ಬೆಳಗಿನ ತಿಂಡಿ. ಮಧ್ಯಾಹ್ನ ಕಳೆದರೆ ಎಷ್ಟೋ ಅಂಗಡಿಗಳು ಬಾಗಿಲು ಹಾಕುತ್ತವೆ.

ತಮ್ಮ ತಿಂದ, ನಾನು ನೋಡಿದೆ. ನೋಡುವುದಕ್ಕೂ ಬೇಕಾದಷ್ಟಿದೆ. ಒಂದು ಉಂಡೆ ಹಿಟ್ಟನ್ನು ಎರಡು ಕೈಯಲ್ಲಿ ಎಳೆದು, ಮಡಿಸಿ, ಮತ್ತೆ ಎಳೆದು, ಪ್ರತಿ ಮಡಿಕೆಗೆ ಎಳೆಗಳು ದುಪ್ಪಟ್ಟಾಗುತ್ತವೆ. ಕೂದಲೆಳೆಯಿಂದ ಬೆಲ್ಟಿನಷ್ಟು ಅಗಲದವರೆಗೆ ಯಾವ ಗಾತ್ರ ಬೇಕೋ ಹೇಳಬೇಕು. ಹಿಟ್ಟು ಹಾಗೆ ಹರಿಯದೆ ಎಳೆಯಲು ಬರುವುದಕ್ಕೆ ಕಾರಣ ಹಿಂದಿನಿಂದಲೂ ಹಾಕುತ್ತಿದ್ದ ಒಂದು ಮರುಭೂಮಿ ಗಿಡದ ಬೂದಿ. ಹಪ್ಪಳದ ಹಿಟ್ಟಿಗೆ ನಾವು ಹಪ್ಪಳಖಾರ ಹಾಕುತ್ತೇವಲ್ಲ, ಅದೇ ಕೆಲಸ. ಈಗ ಬಹುತೇಕ ಕಡೆ ಕಾರ್ಖಾನೆಯ ಪುಡಿ ಬಂದಿದೆ. ಬಟ್ಟಲಿಗೆ ತಿಳಿಸಾರು, ಬಿಳಿ ಮೂಲಂಗಿ, ಕೆಂಪು ಮೆಣಸಿನೆಣ್ಣೆ, ಹಸಿರು ಕೊತ್ತಂಬರಿ. “ಅಕ್ಕ, ಸಾರು ಬಿಟ್ಟು ಬರೀ ನೂಡಲ್ಸ್ ಕೊಡಿಸಲಾ?” ಎಂದು ಕೇಳಿದ. “ಬೇಡ ಕಣೋ, ಅದೇ ನೀರಲ್ಲಿ ಸೌಟು ಅದ್ದಿರ್ತಾರೆ” ಅಂದೆ.

ನನಗೆ ಬೇಕಾದದ್ದು ಪಕ್ಕದಲ್ಲೇ ಇತ್ತು. ಹುಯಿ ದೌಜಿ ಎಂಬ ಒಂದು ಸಿಹಿ ಗಂಜಿ. ಬಟಾಣಿ ಜಾತಿಯ ಕಾಳನ್ನು ಖರ್ಜೂರದಂಥ ಕೆಂಪು ಹಣ್ಣಿನ ಜೊತೆ ಮಣ್ಣುಬಣ್ಣ ಬರುವವರೆಗೂ ಕುದಿಸಿರುತ್ತಾರೆ. ನೋಡಲು ಏನೂ ಇಲ್ಲ, ಬಾಯಿಗೆ ಇಟ್ಟರೆ ಎದ್ದು ಬರಲಾರಿರಿ. ಇನ್ನು ಲಾನ್‌ಜೌ ಲಿಲ್ಲಿ ಗೆಡ್ಡೆಗೆ ಹೆಸರುವಾಸಿ. ಅದರ ಬಿಳಿ ಎಸಳುಗಳನ್ನು ಸೆಲರಿ ಜೊತೆ ಬಾಡಿಸಿದ ಪಲ್ಯ ನನಗೆ ಈ ಇಡೀ ಪ್ರಯಾಣದ ಅತಿ ಒಳ್ಳೆಯ ಊಟ. ರಾತ್ರಿ ಝೆಂಗ್‌ನಿಂಗ್ ರಸ್ತೆಯ ಸಂತೆಯಲ್ಲಿ ಹುದುಗಿದ ಅಕ್ಕಿಗೆ ಹಾಲು, ಮೊಟ್ಟೆ, ಒಣದ್ರಾಕ್ಷಿ ಹಾಕಿ ಕುದಿಸಿ ಕೊಡುತ್ತಾರೆ. ಕೇಳಲು ವಿಚಿತ್ರ, ಅಲ್ವಾ? ಪಾಯಸದ ದೂರದ ನೆಂಟ ಅಷ್ಟೆ.

ಲಾನ್‌ಜೌನಿಂದ ಜಾಂಗ್ಯೆಗೆ ಹಗಲು ರೈಲನ್ನೇ ಹಿಡಿಯಿರಿ. 2014ರಲ್ಲಿ ಶುರುವಾದ ಈ ವೇಗದ ಮಾರ್ಗ ನೇರ ಹೋಗದೆ ಶಿನಿಂಗ್ ಕಡೆ ಸುತ್ತಿ ಚಿಲಿಯನ್ ಪರ್ವತವನ್ನೇ ಕೊರೆದು ದಾಟುತ್ತದೆ. ಒಂದು ಸುರಂಗ 3,600 ಮೀಟರಿಗೂ ಎತ್ತರದಲ್ಲಿದೆ. ಕಿವಿ ಕಟ್ಟುತ್ತದೆ. ಸುರಂಗದಿಂದ ಹೊರಬಂದಾಗ ಹಿಮದ ತುದಿಗಳು, ಕೆಳಗೆ ಹಸಿರು ಹುಲ್ಲುಗಾವಲು, ಚುಕ್ಕೆ ಚುಕ್ಕೆಯಾಗಿ ಕುರಿಗಳು. ಸ್ವಲ್ಪ ಹೊತ್ತಿಗೇ ಹಸಿರೆಲ್ಲ ಮಾಯವಾಗಿ ಕಂದು ನೆಲ. ಇಡೀ ದಾರಿಯಲ್ಲಿ ಹೀಗೆ ಒಂದೇ ಸಲಕ್ಕೆ ನೆಲ ಬದಲಾಗಿದ್ದು ಇಲ್ಲಿ ಮಾತ್ರ.

ಜಾಂಗ್ಯೆಯ ಬಣ್ಣದ ಬೆಟ್ಟಗಳ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಅವುಗಳಲ್ಲಿ ಬಹುಪಾಲಿಗೆ ಬಣ್ಣ ತುಂಬಿದ್ದು ಕಂಪ್ಯೂಟರ್. ನಿಜವಾದ ಬೆಟ್ಟ ಅಷ್ಟು ಝಗಮಗ ಇಲ್ಲ. ಇಟ್ಟಿಗೆ ಕೆಂಪು, ಸಾಸಿವೆ ಹಳದಿ, ಬೂದು, ಮಾಸಲು ಬಿಳಿ. ಕಬ್ಬಿಣದ ಅಂಶ ಬೇರೆ ಬೇರೆ ಇರುವ ಮರಳುಗಲ್ಲಿನ ಪದರಗಳು ಭೂಮಿ ಮಡಿಚಿದಾಗ ಓರೆಯಾಗಿ ಎದ್ದು ನಿಂತಿವೆ. ಇದ್ದದ್ದು ಇದ್ದ ಹಾಗೇ ಸಾಕಷ್ಟು ಚೆನ್ನಾಗಿದೆ. ಮಧ್ಯಾಹ್ನ ಮಾತ್ರ ಹೋಗಬೇಡಿ, ಎಲ್ಲ ಬಣ್ಣವೂ ಸತ್ತಿರುತ್ತದೆ. ಒಳಗಿನ ಬಸ್ಸಿನಲ್ಲಿ ಒಂದು ವೇದಿಕೆಯಿಂದ ಇನ್ನೊಂದಕ್ಕೆ ಹೋಗುತ್ತಾ, ಬಿಸಿಲು ವಾಲುವ ಹೊತ್ತಿಗೆ ದೊಡ್ಡ ವೇದಿಕೆಯಲ್ಲಿರಿ. ಊರೊಳಗೆ 1098ರ ದೇವಾಲಯದಲ್ಲಿ 34.5 ಮೀಟರ್ ಉದ್ದದ ಮಲಗಿದ ಬುದ್ಧನಿದ್ದಾನೆ. ಮರ, ಮಣ್ಣಿನ ಮೂರ್ತಿ. ಬೆಟ್ಟಕ್ಕೆ ಹೋಗುವ ಬಸ್ಸುಗಳ ಜನ ಇಲ್ಲಿಗೆ ಬರುವುದು ಕಡಿಮೆ. ಇದೇ ಊರಲ್ಲಿ ಒಂದು ಚಿಕ್ಕ ಹೋಟೆಲಿನವರು ನಮ್ಮ ಪಾಸ್‌ಪೋರ್ಟ್ ನೋಡಿ ವಿದೇಶಿಯರಿಗೆ ರೂಮು ಕೊಡುವುದಿಲ್ಲ ಎಂದರು. ವಿದೇಶಿ ಅತಿಥಿಗಳನ್ನು ಪೊಲೀಸರಲ್ಲಿ ನೋಂದಾಯಿಸಬೇಕು, ಆ ತಲೆನೋವು ಕೆಲವರಿಗೆ ಬೇಡ. ಬುಕ್ ಮಾಡುವ ಮುಂಚೆ ಒಂದು ಮೆಸೇಜ್ ಹಾಕಿ ಕೇಳುವುದು ವಾಸಿ.

ಮುಂದೆ ಲಿಯುಯುವಾನ್‌ನಲ್ಲಿ ಇಳಿದು, ಗಾಳಿಯಂತ್ರಗಳ ಕಾಡು ಹಿಂದೆ ಬಿಟ್ಟು, ಸುಮಾರು 130 ಕಿ.ಮೀ. ಬಟಾಬಯಲಿನಲ್ಲಿ ಹಂಚಿಕೊಂಡ ಕಾರಿನಲ್ಲಿ ಡುನ್‌ಹುವಾಂಗ್ ಸೇರಿದೆವು. ಇಡೀ ಚೀನಾಕ್ಕೆ ಬೀಜಿಂಗ್ ಗಡಿಯಾರವೇ. ಹಾಗಾಗಿ ಇಷ್ಟು ಪಶ್ಚಿಮದಲ್ಲಿ ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಊರಿನವರ ಹಾಗೆ ಮಧ್ಯಾಹ್ನ ಮಲಗಿ, ಸಂಜೆ ಮಿಂಗ್‌ಶಾ ಮರಳುದಿಬ್ಬ ಹತ್ತಿದೆವು. ಒಂಟೆಗಳ ಸಾಲು ಎಷ್ಟಿದೆ ಎಂದರೆ ಅವಕ್ಕೇ ಒಂದು ಟ್ರಾಫಿಕ್ ಸಿಗ್ನಲ್ ಹಾಕಿದ್ದಾರೆ. ರಾತ್ರಿ ಸಂತೆಯಲ್ಲಿ ತಮ್ಮ ಕತ್ತೆ ಮಾಂಸದ ಹಳದಿ ನೂಡಲ್ಸ್ ತಿಂದ. “ಮನೇಲಿ ಹೇಳಬೇಡ ಅಕ್ಕ” ಅಂದ. ನಾನು ಒಣ ಏಪ್ರಿಕಾಟ್ ಕುದಿಸಿದ ತಣ್ಣನೆ ನೀರು ಕುಡಿದು, ಲಿಯಾಂಗ್‌ಪಿಯ ಇಲ್ಲಿನ ಅವತಾರ ತಿಂದೆ.

ಡುನ್‌ಹುವಾಂಗ್ ಪಕ್ಕದ ಮೊಗಾವೊ ಬೌದ್ಧ ಗುಹೆಗಳಿಗೆ ಒಂದು ಪೂರ್ತಿ ಬೆಳಗ್ಗೆ ಇಟ್ಟುಕೊಳ್ಳಿ. 366ರಲ್ಲಿ ಮೊದಲ ಗುಹೆ ಕೊರೆದರು, ಸಾವಿರ ವರ್ಷ ಕೊರೆಯುತ್ತಲೇ ಹೋದರು. ಒಟ್ಟು 735 ಗುಹೆ, ಚಿತ್ರಗಳಿರುವುದು 492ರಲ್ಲಿ. ಪೂರ್ತಿ ಟಿಕೆಟ್ 238 ಯುವಾನ್. ಅದರಲ್ಲಿ ಎರಡು ಸಿನಿಮಾ ತೋರಿಸಿ, ಬಸ್ಸಿನಲ್ಲಿ ಕರೆದೊಯ್ದು, ಎಂಟು ಗುಹೆ ತೋರಿಸುತ್ತಾರೆ. ಯಾವ ಎಂಟು ಎನ್ನುವುದು ಗೈಡಿನ ಕೈಯಲ್ಲಿ. ಬೀಗ ತೆಗೆದು, ಟಾರ್ಚ್ ಬಿಟ್ಟು, ಮುಗಿದ ಮೇಲೆ ಮತ್ತೆ ಬೀಗ. ಫೋಟೋ ಇಲ್ಲ. ಉಸಿರಿನ ತೇವದಿಂದ ಚಿತ್ರ ಹಾಳಾಗುವುದರಿಂದ ಇಷ್ಟು ಕಟ್ಟುನಿಟ್ಟು. ನನಗೇನೂ ಬೇಸರವಾಗಲಿಲ್ಲ. ಕತ್ತಲಲ್ಲಿ ಟಾರ್ಚ್ ತೋರಿಸಿದ್ದನ್ನು ಮಾತ್ರ ನೋಡಿದಾಗ ಕಣ್ಣು ನಿಲ್ಲುತ್ತದೆ.

ಗುಹೆ ಮುಗಿಸಿ ಜನ ಬಸ್ಸಿಗೆ ಓಡುತ್ತಾರೆ. ನೀವು ಎದುರಿನ ಪ್ರದರ್ಶನ ಕೇಂದ್ರಕ್ಕೆ ಹೋಗಿ. ಅಲ್ಲಿ ಕೆಲವು ಗುಹೆಗಳ ಪೂರ್ಣ ಗಾತ್ರದ ತದ್ರೂಪುಗಳಿವೆ, ದೀಪವೂ ಇದೆ, ಅವಸರವಿಲ್ಲ. 285ನೇ ಗುಹೆಯ ತದ್ರೂಪಿನ ಮುಂದೆ ನಾನು ತುಂಬಾ ಹೊತ್ತು ನಿಂತೆ. ಬುದ್ಧನ ಪಕ್ಕದ ಗೋಡೆಯಲ್ಲಿ ಮೂರು ಮುಖ, ಆರು ಕೈಯ ಮಹೇಶ್ವರ ನೀಲಿ ಗೂಳಿಯ ಮೇಲೆ ಕೂತಿದ್ದಾನೆ. ಅವನ ಕೆಳಗೆ ಆನೆ ಮುಖದ ಗಣಪತಿ. ಆ ಗುಹೆಯಲ್ಲೇ ಬರೆದಿರುವ ಕಾಲ 538–39. ನಮ್ಮ ಬಾದಾಮಿಯ ಮೂರನೇ ಗುಹೆಯ ಶಾಸನ 578ರದ್ದು. ಅಂದರೆ ಬಾದಾಮಿಯವರು ಉಳಿ ಹಿಡಿದು ಆ ಗುಹೆ ಮುಗಿಸುವ ನಲವತ್ತು ವರ್ಷ ಮುಂಚೆಯೇ ಗೋಬಿ ಮರುಭೂಮಿಯ ಅಂಚಿನಲ್ಲಿ ಯಾರೋ ಗಣಪತಿಗೆ ಬಣ್ಣ ಹಚ್ಚಿದ್ದರು. ತಮ್ಮ ಸುಮ್ನೆ ನನ್ನ ಕಡೆ ನೋಡಿ, “ಅಕ್ಕ, ಇವನೂ ರೈಲಿನಲ್ಲೇ ಬಂದನಾ?” ಎಂದ.

ಯೋಜನೆ ಹಾಕುವವರು ಕೊನೆಯ ಊರಿನಿಂದ ಹಿಂದಕ್ಕೆ ಲೆಕ್ಕ ಹಾಕಿ. ಮೊದಲು ಮೊಗಾವೊ ಟಿಕೆಟ್, ಒಂದು ತಿಂಗಳು ಮುಂಚೆ, ಪಾಸ್‌ಪೋರ್ಟ್ ಹೆಸರಿನಲ್ಲಿ. ಆ ದಿನ ಸಿಕ್ಕ ಮೇಲೆ ಹೋಟೆಲ್. ರೈಲು 15 ದಿನ ಇರುವಾಗ ತೆರೆಯುತ್ತದೆ, ಅವತ್ತೇ ಹಿಡಿಯಿರಿ. ಜುಲೈ, ಆಗಸ್ಟ್ ಅಲ್ಲಿ ಶಾಲೆಗಳಿಗೆ ರಜೆ, ಅಕ್ಟೋಬರ್ ಮೊದಲ ವಾರ ದೇಶಕ್ಕೇ ರಜೆ. ದಸರಾ ರಜೆಗೆ ಹೊಂದಿಸಿ ಹೋಗಬಹುದಾ ಎಂದು ಗೆಳತಿ ಕೇಳಿದಳು. ಮಕ್ಕಳ ಶಾಲೆಗೆ ರಜಾ ಅರ್ಜಿ ಕೊಟ್ಟು ಸೆಪ್ಟೆಂಬರ್‌ನಲ್ಲೇ ಹೋಗಿ ಬಾ ಅಂದೆ.